ಪೆನ್ಷನ್ ಮೊಹಲ್ಲಾದ ಮೇಜರ್

ಅವನ ಹೆಸರು ಮೇಜರ್. ನಾನು ಬರೀ ಹೆಡ್ ಕಾನ್‌ಸ್ಟೇಬಲ್ಲು.
ಒಂಬತ್ತು ವರ್ಷ ಹಗ್ಗದ ಈ ತುದಿ ನನ್ನದು,
ಆ ತುದಿ ಹೋದ ಕಡೆ ನಾನು.
ಹಾಸನಾಂಬೆಯ ಬಾಗಿಲು ತೆರೆವ ಹಿಂದಿನ ರಾತ್ರಿ
ಬ್ಯಾರಿಕೇಡಿನ ಬುಡ, ಹೂವಿನ ಬುಟ್ಟಿ,
ಮಂತ್ರಿಗಳು ಕೂರುವ ಕುರ್ಚಿಯ ಅಡಿ,
ಎಲ್ಲ ಮೂಸಿ, ಏನೂ ಇಲ್ಲವೆಂದು
ಬಾಲದಲ್ಲಿ ಸಹಿ ಹಾಕಿದವನು.
ಇದ್ದರೆ ಬೊಗಳುವಂತಿಲ್ಲ, ಕೂರಬೇಕು.
ಸುಮ್ಮನೆ, ನೆಟ್ಟಗೆ, ಅದರ ಎದುರು.
ಅವನು ಕಲಿತ ಭಾಷೆ ಅಷ್ಟೇ.

ಒಂದೇ ತಿಂಗಳಲ್ಲಿ ಇಬ್ಬರಿಗೂ ನಿವೃತ್ತಿ.
ನನಗೆ ಶಾಲು, ಅವನಿಗೆ ಹಾರ;
ಹಾರವನ್ನು ಜೀಪಿನಲ್ಲೇ ತಿಂದ.
ಪೆನ್ಷನ್ ಮೊಹಲ್ಲಾದಲ್ಲೇ ಬಾಡಿಗೆ ಮನೆ ಸಿಕ್ಕಿತು.
ಪೆನ್ಷನ್ ನನಗುಂಟು, ಅವನಿಗಿಲ್ಲ,
ನನ್ನದರಲ್ಲೇ ಇಬ್ಬರು.

ಈಗ ಕೂರುವುದೇ ಕಷ್ಟ. ಸೊಂಟದ ಕೀಲು ಸವೆದಿದೆ.
ಮೂರು ಸಲ ಬಗ್ಗಿ, ಯೋಚಿಸಿ,
ಕೊನೆಗೆ ಲಾರಿಯಿಂದ ಇಳಿಸಿದ
ಆಲೂಗೆಡ್ಡೆ ಮೂಟೆಯ ಹಾಗೆ ಬೀಳುತ್ತಾನೆ.
ಕಂಬ ಕಂಡರೆ ಕಾಲೆತ್ತಲಾರ,
ಮರಿಯ ಹಾಗೆ ಕುಕ್ಕರಿಸುತ್ತಾನೆ.
ಬೀದಿನಾಯಿಗಳು ನಿಂತು ನೋಡುತ್ತವೆ.
ಆ ಹೊತ್ತು ನಾನು ಕರೆಂಟು ತಂತಿ ಎಣಿಸುತ್ತೇನೆ.

ಸಾಲಗಾಮೆ ರಸ್ತೆಯ ಡಾಕ್ಟರ್ ಫಿಲೋಮಿನಾ
ಸೂಜಿ ಹಾಕ್ತೀನಿ ಅಂದಾಗ ಹಾಕಿ ಅಂದೆ,
ಇಂಜೆಕ್ಷನ್ ಅಂದುಕೊಂಡು.
ಆಕೆ ತೆಗೆದದ್ದು ಕೂದಲೆಳೆ. ಔಷಧಿಯಿಲ್ಲ, ತೂತೂ ಇಲ್ಲ.
‘ಮೇಡಂ, ಇದರೊಳಗೆ ಏನಿದೆ?’
‘ಏನೂ ಇಲ್ಲ.’
ಚೀಲ ಬಿಚ್ಚಿಸುವ ಮುಂಚೆ
ಈ ಉತ್ತರ ನಾನೆಷ್ಟು ಸಲ ಕೇಳಿಲ್ಲ!

‘ಮಾತ್ರೆ ನಿಲ್ಲಿಸಬೇಡಿ. ಇದು ಅದರ ಜೊತೆಗೆ,
ಬದಲಿಗಲ್ಲ. ಸವೆದ ಕೀಲು ಹೊಸದಾಗಲ್ಲ.
ಕೆಲವಕ್ಕೆ ಒಗ್ಗುತ್ತೆ, ಕೆಲವಕ್ಕೆ ಇಲ್ಲ.
ನೋವು ಸ್ವಲ್ಪ ಜರುಗಿ ಜಾಗ ಕೊಟ್ಟರೆ ಸಾಕು’ ಅಂದರು,
ಅರಸೀಕೆರೆ ಬಸ್ಸಿನ ಕಂಡಕ್ಟರ್ ದನಿಯಲ್ಲಿ.

ಬೆನ್ನಹುರಿಯ ಈಚೆ ಆಚೆ, ಸೊಂಟದ ಗುಳಿಯಲ್ಲಿ,
ಮಂಡಿಯ ಮಗ್ಗುಲಲ್ಲಿ, ಒಟ್ಟು ಹನ್ನೊಂದು.
ಕಚ್ಚಿಯಾನೆಂದು ನಾನು ಮುಖ ಹಿಡಿದಿದ್ದೆ.
ಅವನು ಆಕಳಿಸಿದ.
ಪಕ್ಕದ ಬುಟ್ಟಿಯ ಬೆಕ್ಕು ಬಾಯಿಗೆ ಬಂದಂತೆ ಬೈಯುತ್ತಿತ್ತು,
ಕೇಸು ದಾಖಲಿಸಲಿಲ್ಲ.
ಕಿವಿ ಸಡಿಲಿತು, ತುಟಿ ಸಡಿಲಿತು,
ತಲೆಯ ಭಾರ ಪೂರ್ತಿ ನನ್ನ ಅಂಗೈಗೆ ಬಂತು.
ಇಷ್ಟು ಭಾರವಿತ್ತೇ ಇದು?
ಇಷ್ಟು ವರ್ಷ ಅವನೇ ಹೊತ್ತಿದ್ದನಲ್ಲ.

ನಾಲ್ಕನೇ ಶನಿವಾರ ಲೆಕ್ಕ ತಪ್ಪಿತು.
ಚುಚ್ಚಿದ್ದು ಹನ್ನೊಂದು, ಬಟ್ಟಲಿಗೆ ಬಂದದ್ದು ಹತ್ತು.
ಎದ್ದವನೇ ಮೈ ಕೊಡವಿದ್ದ, ಎಲ್ಲಿಗೋ ಹಾರಿದೆ.
ಡಾಕ್ಟರು ಟಾರ್ಚು ಹಿಡಿದು ಮಂಡಿಯೂರಿದರು.
ಅಯಸ್ಕಾಂತ ಇದೆಯಾ ಅಂದೆ.
ಬೆಕ್ಕಿನ ಯಜಮಾನಿ ಕಾಲು ಮೇಲೆಳೆದುಕೊಂಡರು.
ಆಗ ಕೈಯಲ್ಲಿ ಹಗ್ಗ ಬಿಗಿಯಾಯಿತು.
ಆ ಬಿಗಿ ನನಗೆ ಗೊತ್ತು.
ಮೂಗು ನೆಲಕ್ಕೆ. ತೂಕದ ಯಂತ್ರ, ಕಸದ ಡಬ್ಬ, ಬೀರು.
ಬೀರುವಿನ ಬುಡದಲ್ಲಿ ನಿಂತ. ಹಿಂಗಾಲು ನಡುಗಿತು, ಬಗ್ಗಿತು,
ಒಂದೇ ಸಲಕ್ಕೆ, ನೆಟ್ಟಗೆ,
ಕೂತ.

ಸ್ಪಿರಿಟ್ಟಿನ ವಾಸನೆಯೋ, ತನ್ನದೇ ಮೈವಾಸನೆಯೋ,
ಕಾಲು ಸೋತು ಕೂತದ್ದಕ್ಕೆ ನಾನು ಕಟ್ಟುವ ಕತೆಯೋ!
ಬೀರು ಸರಿಸಿದರೆ ಸೂಜಿ ಇತ್ತು.
ಮಹಜರಿನಲ್ಲಿ ಅಷ್ಟನ್ನು ಬರೆಯಬಲ್ಲೆ.

‘ವಾಸಿ ಆಯ್ತಾ ಮೇಡಂ?’
‘ಇಲ್ಲ. ಮುಂದಿನ ಶನಿವಾರ ಬನ್ನಿ. ಮಾತ್ರೆ ಮರೀಬೇಡಿ.’

ಹೊರಗೆ ದೀಪದ ಕಂಬ.
ಒಂದು ಕಾಲನ್ನು ಸೂಜಿಯುದ್ದ ಎತ್ತಿ ನೋಡಿದ,
ಬೇಡವೆನಿಸಿ ಮರಿಯ ಹಾಗೇ ಕುಕ್ಕರಿಸಿದ.
ಬೀದಿನಾಯಿಗಳು ನೋಡಿದವು.
ತಂತಿ ಎಣಿಸಲಿಲ್ಲ ನಾನು.
ಹಗ್ಗ ಸಡಿಲ ಬಿಟ್ಟು ಅವನ ಪಕ್ಕದಲ್ಲಿ
ಹಿಮ್ಮಡಿ ಕೂಡಿಸಿ ನಿಂತೆ.