ಮೊಟ್ಟಮೊದಲ ಬಾರಿಗೆ

ಕಾಜುಬಾಗದ ಮಹಡಿಯ ಮೇಲೊಂದು ಕೋಣೆ,
ಗೋಡೆ ತುಂಬ ಕರಿ ಸ್ಪಂಜು. ಬಾಗಿಲು ಹಾಕಿದರೆ
ಕಡಲೂ ಕೇಳುವುದಿಲ್ಲ.
ಕಾರವಾರದಲ್ಲಿ ಕಡಲು ಕೇಳದ ಜಾಗವೊಂದಿದೆಯೆಂದು
ಅರವತ್ತೊಂಬತ್ತನೇ ವಯಸ್ಸಿಗೆ ಗೊತ್ತಾಯಿತು.

‘ಅಜ್ಜ, ನಿಮ್ಮ ಹಳೇ ದನಿ ಬೇಕು’ ಎಂದ ಹುಡುಗ.
ಹೆಸರು ತನ್ಮಯ. ಎರಡು ಕಿವಿಗೆ ಎರಡು ಬಟ್ಟಲು ಕವುಚಿಕೊಂಡಿದ್ದ.
ಹಳೇ ದನಿಗೆ ಹಲ್ಲಿನ ಸೆಟ್ಟು ಇರಲೋ ತೆಗೆಯಲೋ ಎಂದೆ.
ನಗಲಿಲ್ಲ.

ನನ್ನ ದನಿ ಎಂದರೆ ಒಂದು ಕಾಲಕ್ಕೆ ಈ ಊರಿನ ಅರ್ಧ ವ್ಯಾಪಾರ.
ಬಾಡಿಗೆ ಜೀಪು, ನೆತ್ತಿಯ ಮೇಲೆ ಜೋಡಿ ಕಹಳೆ,
ಹಿಂದೆ ಬ್ಯಾಟರಿ ಕಾಯಲು ಆಗ್ನೇಲ ರೊಡ್ರಿಗೀಸ್.
ಹಬ್ಬುವಾಡದಿಂದ ಕೋಡಿಬಾಗದ ತುದಿಯವರೆಗೆ
ಟಾಕೀಸಿನ ಎರಡನೇ ವಾರ, ಸೀರೆಯ ರಿಬೇಟು, ಸರ್ಕಸ್ಸಿನ ಹುಲಿ,
ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂಬುದನ್ನೂ
ಅದೇ ಸಂಭ್ರಮದಲ್ಲಿ ಸಾರಿದ್ದೇನೆ.

ಮಾತಿನ ನಡುವೆ ಗರಗರ.
ಉಪ್ಪುಗಾಳಿಗೆ ತಂತಿ ಹಸಿರುಗಟ್ಟಿ, ಪಿನ್ನು ತುಕ್ಕು ಹಿಡಿದು
ಪ್ರತಿ ಶಕಾರಕ್ಕೂ ಬಾಣಲೆಯಲ್ಲಿ ಸಾಸಿವೆ.
ಆಗ್ನೇಲ ಸೀಮೆಎಣ್ಣೆಯಲ್ಲಿ ಒರೆಸುವನು,
ಉಪ್ಪಿಗೆ ಉಪ್ಪುಕಾಗದವೇ ಎಂದು ತಿಕ್ಕುವನು.
ಇಪ್ಪತ್ತೆರಡು ವರ್ಷ ತಿಕ್ಕಿದ. ಹೋಗಲಿಲ್ಲ.
ಕೊನೆಗೆ ಆಗ್ನೇಲನೇ ಹೋದ.

ಇವರಿಗೆ ಈಗ ಅದೇ ಬೇಕಂತೆ.
‘ದನಿ ಕ್ಲೀನ್ ಇದೆ ಅಜ್ಜ, ಅದೇ ತೊಂದರೆ.
ಗರಗರ ಆಮೇಲೆ ಹಾಕ್ತೇವೆ.’
ಗರಗರದ್ದೇ ಒಂದು ಡಬ್ಬಿ ಇದೆ ಅವನಲ್ಲಿ:
ರೇಡಿಯೋದ್ದು, ಮಳೆಗಾಲದ ಟ್ರಂಕಾಲಿನದು, ಜೀಪಿನದು.
ಒಂದೊಂದಕ್ಕೂ ದುಡ್ಡು ಕೊಟ್ಟಿದ್ದಾನೆ.
ಜೀಪಿನದು ಕೇಳಿಸಿದ.
ನನ್ನ ಕೈ ತಾನಾಗಿ ಹಿಂದಕ್ಕೆ ಹೋಯಿತು,
ವೈರು ಅಲ್ಲಾಡಿಸೆಂದು ಆಗ್ನೇಲನಿಗೆ ಸನ್ನೆ ಮಾಡಲು.

ಕಂಪನಿಯ ಹೆಸರು ಕಡಲ್‌ಕಾರ್ಟ್.
ಬರೆದುಕೊಟ್ಟಿದ್ದು ಮೂರೇ ಸಾಲು:
‘ಕಾರವಾರದ ಮಹಾಜನರೇ! ಬಂದಿದೆ, ಬಂದಿದೆ,
ಮೊಟ್ಟಮೊದಲ ಬಾರಿಗೆ
ಬೆಳಗಿನ ಮೀನು ನಿಮ್ಮ ಮನೆಬಾಗಿಲಿಗೆ!’

‘ಬಂದಿದೆ’ವರೆಗೆ ಸಲೀಸು.
‘ಮೊಟ್ಟಮೊದಲ’ಕ್ಕೆ ನಾಲಿಗೆ
ಇಳಿತದ ದೋಣಿಯಂತೆ ಮರಳಿಗೆ ಹತ್ತಿತು.

ಆರೂವರೆಗೆ ನಮ್ಮ ಮೆಟ್ಟಿಲ ಬಳಿ ಬುಟ್ಟಿ ಇಳಿಯುತ್ತಿತ್ತು.
ಬೈತಖೋಲದ ಶೇವಂತಿ ಹರಿಕಂತ್ರ.
ತಲೆಯ ಮೇಲೆ ಸಿಂಬೆ, ಸೊಂಟದಲ್ಲಿ ಚಿಲ್ಲರೆ,
ಬಾಯಲ್ಲಿ ಇಡೀ ಓಣಿಯ ಲೆಕ್ಕ:
ಯಾರಿಗೆ ನೊಗಲಿ, ಯಾರು ಸೋಮವಾರ ಮುಟ್ಟುವುದಿಲ್ಲ,
ಯಾರ ಸೊಸೆ ಬಸುರಿ, ಅವಳಿಗೆ ಒಂದು ಹಿಡಿ ಶೆಟ್ಲಿ ಹೆಚ್ಚು.
ಕಿವಿರು ಎತ್ತಿ ಕೆಂಪು ತೋರಿಸುವಳು.
ಸಾಲವೆಂದರೆ ನಮ್ಮ ಗೋಡೆಯ ಮೇಲೆ ಅವಳ ಇದ್ದಿಲ ಗೀರು.
‘ನಿಮಗೆ ಇಷ್ಟವಾಗಬಹುದಾದ ಮೀನು’ ಎಂದು
ಫೋನೂ ಈಗ ಅದನ್ನೇ ಹೇಳುತ್ತದೆ,
ಸೊಸೆಯ ಸುದ್ದಿ ಕೇಳುವುದಿಲ್ಲ ಅಷ್ಟೆ.

ಅವಳಿಗೆ ನನ್ನ ಜೀಪಿನ ಹಂಗಿರಲಿಲ್ಲ.
ಆ ಕೂಗಿಗೆ ಎರಡೂ ಕಹಳೆ ಸಾಲದು.
ಓಣಿಯಲ್ಲಿ ಎದುರಾದರೆ ಮೈಕು ನಾನೇ ಬಂದ್ ಮಾಡುತ್ತಿದ್ದೆ.

‘ಏನಾಯ್ತು ಅಜ್ಜ?’
‘ಮೊದಲ ಬಾರಿ ಅಲ್ಲವಲ್ಲ ತಮ್ಮಾ.’
‘ಆ್ಯಪಿನಲ್ಲಿ ಮೊದಲ ಬಾರಿ’ ಎಂದ.

ನಿಜವೇ. ಬಾಯಿ ಬಾಡಿಗೆಗೆ ಕೊಟ್ಟವನು ನಾನು,
ಮೂರೇ ದಿನಕ್ಕೆ ಎತ್ತಂಗಡಿಯಾದ ಚಿತ್ರಕ್ಕೆ
‘ಯಶಸ್ವಿ ಎರಡನೇ ವಾರ’ ಕೂಗಿದವನು.
ಓದಿದೆ. ಎರಡನೇ ಟೇಕಿಗೆ ಓಕೆ.
ಸಾವಿರದೈನೂರು, ಮೆಟ್ಟಿಲು ಇಳಿಯುವುದರೊಳಗೆ
ಜೇಬಿನಲ್ಲಿ ಕಿಣಿ ಎಂದಿತು.

ಈಗ ದಿನಾ ಐಸಿನ ಪೆಟ್ಟಿಗೆ ಹೊತ್ತ ರಿಕ್ಷಾ ಬರುತ್ತದೆ,
ಅದರ ಮೇಲೆ ಮೂವತ್ತರ ಪ್ರಾಯದ ನಾನು,
ಕ್ರಯಕ್ಕೆ ತಂದ ಗರಗರದಲ್ಲಿ.

ಮೊನ್ನೆ ಮೀನುಪೇಟೆಯ ತಿರುವಿನಲ್ಲಿ ಶೇವಂತಿ ಸಿಕ್ಕಳು.
ಆ ರಿಕ್ಷಾ ಓಡಿಸುವುದು ಅವಳ ಮೊಮ್ಮಗನೇ ಅಂತೆ.
‘ನಿನ್ನ ವೈರು ಇನ್ನೂ ಸರಿ ಮಾಡಿಸಲಿಲ್ಲವನಾ?’ ಎಂದಳು.
ಆಮೇಲೆ ದನಿ ತಗ್ಗಿಸಿ,
ಅವಳಿಗೆ ಬರುವಷ್ಟು ತಗ್ಗಿಸಿ,
ಇಡೀ ಪೇಟೆ ತಿರುಗಿ ನೋಡುವಂತೆ:
‘ಅವರ ಬಂಗಡೆ ಮಾತ್ರ ತಕೊಳ್ಳಬೇಡ ಮಾರಾಯ.
ಅದು ನಿನ್ನೆಯದು.’