ಲಿಫ್ಟ್ ರಿಪೇರಿಯಲ್ಲಿದೆ

ತ್ಬಿಲಿಸಿಯ ಅಂಚಿನ ಗ್ಲ್ದಾನಿಯಲ್ಲಿ
ಹದಿನಾರು ಮಹಡಿಯ ನಮ್ಮ ಕಟ್ಟಡದ ಲಿಫ್ಟು
ಹತ್ತು ತೆತ್ರಿಯ ನಾಣ್ಯ ನುಂಗದೆ ಅಲ್ಲಾಡದು.
ನುಂಗಿದರೂ ಮೊದಲೊಂದು ತೇಗು,
ಆಮೇಲೆ ನರಳಾಟ.
ಒಂಬತ್ತನೇ ಮಹಡಿ ದಾಟುವಾಗ
ನನ್ನ ಅಡುಗೆಮನೆಯ ಗೋಡೆಯೊಳಗೆ
ಯಾರೋ ಕಬ್ಬಿಣದ ಮಂಚ ಎಳೆದ ಹಾಗೆ.

ಅದನ್ನು ರಿಪೇರಿ ಮಾಡುವವನೂ ನಾನೇ, ಗೋಚಾ.
ಹಗಲೆಲ್ಲ ಗ್ರೀಸು, ರಾತ್ರಿ ಹಾಡು.
ಐವತ್ತೆರಡಕ್ಕೆ ಹುಚ್ಚು ಹಿಡಿಯಿತು ಅಂದಳು ಸಿಯೂರಿ,
ಅಂದವಳೇ ಮದುವೆಯಲ್ಲಿ ಬಂದ ರಜಾಯಿ ತಂದುಕೊಟ್ಟಳು
ಕಿಟಕಿಗೆ ಮೊಳೆ ಹೊಡೆಯಲು.

ಒಂಬತ್ತು ಹಾಡು.
ಪದ ನನ್ನದೇ, ರಾಗ ನನ್ನದೇ, ತಪ್ಪೂ.
ಮೂರು ತಂತಿಯ ಪಾಂದುರಿ ಅಪ್ಪನದು, ಬುರುಡೆ ಬಿರುಕು ಬಿಟ್ಟದ್ದು.
ಮೈಕು ಸೇತುವೆ ಮೇಲಿನ ಹಳೇ ಸಾಮಾನಿನ ಸಂತೆಯದು;
ಅದರ ಮೂತಿಗೆ ಮಗಳ ಕಾಲುಚೀಲ.

ಫ್ರಿಜ್ಜಿನ ಗುಂಯ್ ನಿಲ್ಲಿಸಿ ಮೊದಲ ರಾತ್ರಿ ಮರೆತೇಬಿಟ್ಟೆ.
ಅತ್ತೆ ಮಡಚಿಟ್ಟ ನೂರು ಖಿಂಕಾಲಿ
ಬೆಳಗಾಗುವಷ್ಟರಲ್ಲಿ ಒಂದೇ ಮುದ್ದೆ.
ಆಮೇಲಿಂದ ಮನೆಯ ಬೀಗದಕೈ ಫ್ರಿಜ್ಜಿನೊಳಗೇ ಇಡುತ್ತೇನೆ.
ಹೊರಡುವಾಗ ಜೇಬು ತಡಕಿದರೆ ನೆನಪಾಗುತ್ತದೆ,
ಕೈ ತಣ್ಣಗಿದ್ದರೆ ಪುಣ್ಯ.

ಅತ್ತೆಯ ಕೆಮ್ಮಿಗೆ ಜೇನಿತ್ತು.
ಲಿಫ್ಟೊಂದೇ ಮಾತು ಕೇಳದ್ದು.
ಕಳ್ಳನಿಗೊಂದು ಪಿಳ್ಳೆ ನೆವ:
ಕೆಳಗಿನ ಬಾಗಿಲಿಗೆ ಹಲಗೆ ನೇತುಹಾಕಿದೆ,
'ರಿಪೇರಿಯಲ್ಲಿದೆ. ಅರ್ಧ ಗಂಟೆ.'
ತುದಿಯ ಯಂತ್ರದ ಕೋಣೆಯಲ್ಲಿ ಸ್ವಿಚ್ಚು ಎಳೆದು
ಏಳು ಮಹಡಿ ಓಡಿಳಿದು
ಏದುಸಿರು ಆರುವ ತನಕ ಕಾದು
ಕೆಂಪು ಗುಂಡಿ ಒತ್ತಿದೆ.

ಅರ್ಧ ಗಂಟೆ ಎರಡಾಯಿತು, ವಾರ ತಿಂಗಳಾಯಿತು.
ಪಾಪ ಗೋಚಾ, ಅಂದರು ಕಟ್ಟಡದವರು,
ರಾತ್ರಿ ಹನ್ನೊಂದಕ್ಕೂ ದುಡಿಯುತ್ತಾನೆ.
ಐದನೇ ಮಹಡಿಯಿಂದ ಯಾರೋ ಗಿಣ್ಣಿನ ರೊಟ್ಟಿ ಕಳಿಸಿದರು.
ತಿಂದೆ.

ಏಳನೇ ಹಾಡು ಮಾತ್ರ ಕೈಗೆ ಸಿಗಲೊಲ್ಲದು.
ಅದು ನನಗೆ ಕಸುಬು ಕಲಿಸಿದ ಬಾದ್ರಿಯ ಹಾಡು,
ಉಕ್ಕಿನ ಹಗ್ಗಕ್ಕೆ ಎರಡು ಬೆರಳು ಕೊಟ್ಟು
ಆಮೇಲೆ ಏನೆಣಿಸಿದರೂ ಎಂಟಕ್ಕೇ ನಿಲ್ಲಿಸುತ್ತಿದ್ದವನು.
ಎಂಟರ ತಾಳ. ನನ್ನ ಕೈ ಸುಮ್ಮನೆ ಹತ್ತಕ್ಕೆ ಓಡುತ್ತದೆ.
ಹತ್ತೊಂಬತ್ತು ಸಲ ಹಾಡಿದೆ, ಹತ್ತೊಂಬತ್ತು ಸಲ ಅಳಿಸಿದೆ.

ಇಪ್ಪತ್ತನೆಯದು ತಾನಾಗಿ ಬಂತು,
ಗಂಟಲಿಗೂ ನನಗೂ ಎಂದೂ ಜಗಳವೇ ಇರಲಿಲ್ಲವೆಂಬಂತೆ.
ಕೊನೆಯ ತಂತಿ ಇನ್ನೂ ನಡುಗುತ್ತಿತ್ತು,
ಬಾಗಿಲಾಚೆ ಮೆಟ್ಟಿಲಲ್ಲಿ
ಯಾರೋ ಉಸಿರು ಬಿಟ್ಟರು.

ವೆನೇರಾ. ಹನ್ನೆರಡನೇ ಮಹಡಿ. ಎಪ್ಪತ್ತೊಂಬತ್ತು.
ಚೀಲ ನೆಲಕ್ಕಿಟ್ಟ ಸದ್ದು,
ಎರಡು ಆಲೂಗಡ್ಡೆ ಒಂದೊಂದೇ ಮೆಟ್ಟಿಲಿಳಿದ ಸದ್ದು,
ಅಯ್ಯೋ ಅಮ್ಮಾ ಅಂದದ್ದು,
ಎಲ್ಲವೂ ನೀಲಿ ಗೀಟಾಗಿ
ನನ್ನ ಹಾಡಿನ ಬಾಲಕ್ಕೆ ಅಂಟಿಕೊಂಡಿತು.

ಚೀಲ ಹೊತ್ತು ಅವಳ ಹಿಂದೆ ಮೂರು ಮಹಡಿ ಹತ್ತಿದೆ.
ಇಷ್ಟು ಹೊತ್ತಿನಲ್ಲೂ ಕೆಲಸವಾ ಮಗಾ? ಅಂದಳು.
ಹೂಂ ಅಂದೆ.

ಮತ್ತೂ ನಾಲ್ಕು ಮಹಡಿ ಹತ್ತಿ ಸ್ವಿಚ್ಚು ಎತ್ತಿದೆ.
ಉಳಿದೆರಡು ಹಾಡಿನಲ್ಲಿ ಆ ಕಬ್ಬಿಣದ ಮಂಚ
ಬೇಕೆಂದಾಗೆಲ್ಲ ಹಾದುಹೋಗುತ್ತದೆ,
ಒಮ್ಮೆ, ದೇವರಾಣೆ, ತಾಳಕ್ಕೆ ಸರಿಯಾಗಿ.

ಬಾಲ ಕತ್ತರಿಸು ಮಾವ, ಒಂದೇ ಕ್ಲಿಕ್ಕು, ಅಂದ ಲೇವಾನಿ.
ಕತ್ತರಿಸಲಿಲ್ಲ.
ನಾನು ಒಳ್ಳೆಯವನೆಂದಲ್ಲ.
ಆ ಉಸಿರು ಶ್ರುತಿಯಲ್ಲಿತ್ತು.

ಅರವತ್ತು ಸೀಡಿ ಮಾಡಿಸಿದೆ, ಹದಿನೇಳು ಹೋದವು.
ಒಂದನ್ನು ವೆನೇರಾಗೆ ಕೊಟ್ಟೆ,
ಏಳನೆಯದು ಕೇಳು, ಕೊನೆತನಕ, ಅಂದೆ,
ಅದಕ್ಕಿಂತ ಹೆಚ್ಚು ನಾಲಿಗೆಗೆ ಬರಲಿಲ್ಲ.
ಅವಳ ಮನೆಯಲ್ಲಿ ಸೀಡಿ ಹಾಕುವ ಯಂತ್ರವೇ ಇಲ್ಲ.
ಬಾಲ್ಕನಿಯಲ್ಲಿ ದಾರಕ್ಕೆ ಕಟ್ಟಿದ್ದಾಳೆ, ಪಾರಿವಾಳ ಓಡಿಸಲು.
ಸಂಜೆ ಬಿಸಿಲಿಗೆ ತಿರುಗುತ್ತದೆ,
ಎದುರು ಕಟ್ಟಡದ ಮೇಲೆಲ್ಲ ಚೂರು ಬೆಳಕು.

ಪಾರಿವಾಳ ಹೆದರುವುದಿಲ್ಲವಂತೆ.