ನಾನೂರ ಹನ್ನೆರಡು ಸಾಲು

ಮೂವತ್ತೊಂದು ಕಾಲಂ.
ಅಚ್ಚು ಹಾಕಿದರೆ ಅಡ್ಡಡ್ಡ ನಾಲ್ಕು ಹಾಳೆ,
ಗೋಂದು ಹಚ್ಚಿ ಜೋಡಿಸಿ ಮೇಜಿನ ಮೇಲೆ ಹಾಸಿದರೆ
ಇದಲೀನಾಳ ಕಾಫಿ ಲೋಟಕ್ಕೆ ಜಾಗವಿರುತ್ತಿರಲಿಲ್ಲ.
ಮರೀನ್ಯ ಗ್ರಾಂಡೆಯ ನಮ್ಮ ಗಾಜಿನ ಕಾರ್ಖಾನೆಯಲ್ಲಿ
ರಾತ್ರಿಪಾಳಿಯ ವರದಿ ಎಂದರೆ ಇದು:
ಒಲೆಯ ನಂಬರು, ಅಚ್ಚಿನ ನಂಬರು, ಮರಳಿನ ಚೀಲ, ಶಾಖ,
ಊದಿದವರು ಯಾರು, ಊದಿದ್ದೆಷ್ಟು, ಒಡೆದದ್ದೆಷ್ಟು,
ಗುಳ್ಳೆ, ಬಿರುಕು, ತಣಿಯಲು ಹಿಡಿದ ಗಂಟೆ,
ಹೀಗೇ ಹೋಗಿ ಹೋಗಿ, ಕಟ್ಟಕಡೆಗೆ, ಬಲತುದಿಯಲ್ಲಿ
ಯಾರ ಕಣ್ಣೂ ಅಷ್ಟು ದೂರ ನಡೆದುಬರದ
ಷರಾ.

ನಮಗೆ ಬೇಕಾದ್ದಷ್ಟೇ ಕಾಣಲಿ ಮಾರಾಯ್ತಿ, ಅಂದರು.
ಹೌದಲ್ಲ ಅನ್ನಿಸಿತು.
ಎರಡು ವಾರ ಕೂತು ಒಂದು ಪಟ್ಟಿ ಮಾಡಿದೆ,
ಒಂದೊಂದು ಹೆಸರಿನ ಮುಂದೂ ಪುಟ್ಟ ಚೌಕ.
ಗುರುತು ಹಾಕಿದರೆ ಕಾಲಂ ಬರುತ್ತದೆ,
ತೆಗೆದರೆ ಹೋಗುತ್ತದೆ.
ಹೋಗುತ್ತದೆ ಅಂದರೆ ಎಲ್ಲಿಗೂ ಹೋಗುವುದಿಲ್ಲ,
ಅಳಿಸಿದ್ದಲ್ಲ, ಮರೆಮಾಡಿದ್ದು,
ಸಭೆಯಲ್ಲಿ ಇದನ್ನು ಮೂರು ಸಲ ಹೇಳಿದೆ.
ತಲೆಯಾಡಿಸಿದರು. ಊಟದ ಹೊತ್ತಾಗಿತ್ತು.

ಮರುದಿನದಿಂದ ಒಂದೇ ಕಾರ್ಖಾನೆ
ಹನ್ನೆರಡು ಪರದೆಗಳಲ್ಲಿ ಹನ್ನೆರಡಾಯಿತು.
ಮಾರಾಟದ ತೆಲೆಸ್‌ಗೆ ಒಡೆದದ್ದು ಬೇಡ.
ಅವನ ಕಾರ್ಖಾನೆಯಲ್ಲಿ ಏನೂ ಒಡೆಯುವುದಿಲ್ಲ,
ಹೂಜಿಗಳು ಒಲೆಯಿಂದಿಳಿದು ತಾವಾಗಿ
ಪೆಟ್ಟಿಗೆಯೊಳಗೆ ನಡೆದುಹೋಗುತ್ತವೆ.
ಇದಲೀನಾಗೆ ಗುಳ್ಳೆ ಮತ್ತು ಬಿರುಕು ಸಾಕು,
ಅವಳ ಕಾರ್ಖಾನೆಯಲ್ಲಿ ನೆಟ್ಟಗಿನ ಲೋಟ ಒಂದೂ ಹುಟ್ಟಿಲ್ಲ.
ಲೆಕ್ಕದ ಕೋಣೆಯವರು ಊದಿದವರನ್ನು ತೆಗೆದು
ಗಂಟೆಗಳನ್ನು ಉಳಿಸಿಕೊಂಡರು.
ಅಲ್ಲಿ ಗಂಟೆಗಳೇ ಕೊಳವೆ ಹಿಡಿದು
ಗಂಟೆಗಳೇ ಕೆನ್ನೆ ಉಬ್ಬಿಸುತ್ತವೆ.

ನನಗೆ ನಗು. ಒಂಚೂರು ಹೆಮ್ಮೆಯೂ,
ಯಾರೂ ಕೈಪಿಡಿ ಕೇಳಲಿಲ್ಲ.

ನವೆಂಬರಿನ ಒಂದು ಸಂಜೆ ಫೋನು.
ಒಲೆಮನೆಯ ಬೆಲ್ಮೀರೊ.
ಮೂವತ್ತೆಂಟು ವರ್ಷ ಊದಿ, ಈಗ ಎದೆ ಒಲ್ಲೆನ್ನುವುದರಿಂದ
ಕೀಲಿಮಣೆಯ ಮುಂದೆ ಕೂರಿಸಿದ್ದಾರೆ.
"ಎಲ್ಲ ಚೌಕದ ಗುರುತೂ ತೆಗೆದುಬಿಟ್ಟೆ,
ಏನಾಗುತ್ತೆ ನೋಡೋಣ ಅಂತ.
ಕೋಷ್ಟಕ ಮಾಯ. ಬರೀ ಬಿಳಿ.
ಆದರೆ ಕೆಳಗೆ ಬರೆದಿದೆ: ಒಟ್ಟು ೪೧೨ ಸಾಲು.
ಯಾವ ನಾನೂರ ಹನ್ನೆರಡು ಇದು?"

ತಪ್ಪು ನನ್ನದೇ.
ಕನಿಷ್ಠ ಒಂದಾದರೂ ಇರಲಿ ಎಂಬ ನಿಯಮ
ಬರೆಯಲು ಮರೆತಿದ್ದೆ.
ಹೆಸರು ತೆಗೆದರೂ, ಶಾಖ ತೆಗೆದರೂ,
ದಿನಾಂಕವನ್ನೇ ತೆಗೆದರೂ
ಸಾಲು ತನ್ನ ಸರದಿ ಬಿಟ್ಟು ಕದಲುವುದಿಲ್ಲ,
ಏನು ಹಿಡಿದು ನಿಂತಿದ್ದೇನೆಂದು ತಿಳಿಯದೆಯೂ ನಿಂತಿರುತ್ತದೆ.
"ಇದ್ದಾವೆ" ಅಂದೆ, "ಕಾಣುತ್ತಿಲ್ಲ ಅಷ್ಟೆ."
"ಕಾಣದ ಗಾಜಿಗೇ ಕಣೇ ಜನ
ಹಣೆ ಜಜ್ಜಿಕೊಳ್ಳೋದು" ಅಂದ.

ಯಾವುದಾದರೂ ಒಂದಕ್ಕೆ ಗುರುತು ಹಾಕು ಅಂದೆ.
ಉಸಿರು ಕೇಳುತ್ತಿತ್ತು, ಉದ್ದ, ಸಿಳ್ಳೆ ಬೆರೆತದ್ದು.
ಹಾಕಿದ.
ನನ್ನ ಪರದೆಯಲ್ಲೂ ಅದನ್ನೇ ತೆರೆದೆ.

ಷರಾ.
ಮೊದಲ ಸಲ ಎಡತುದಿಗೆ ಬಂದು, ಒಂಟಿಯಾಗಿ,
ಪರದೆಯುದ್ದಕ್ಕೂ ಕಾಲು ಚಾಚಿ.
ಹೆಚ್ಚಿನವು ಖಾಲಿ. ನಡುನಡುವೆ:

ಹಿಂಬಾಗಿಲು ಮುಚ್ಚುತ್ತಿಲ್ಲ. ಗಾಳಿ ಕುತ್ತಿಗೆಗೆ ಹೊಡೆಯುತ್ತದೆ.
ಅದೇ ಬಾಗಿಲು.
ಇವತ್ತು ನೀಲಿ ಚೆನ್ನಾಗಿ ಬಂತು. ಯಾರಿಗಾದರೂ ಹೇಳಬೇಕು.
ಒಡೆದದ್ದು ನಾನು, ದುವಾರ್ತೆ ಅಲ್ಲ.
ಬಾಗಿಲು.

ಬೆಲ್ಮೀರೊ ಗಟ್ಟಿಯಾಗಿ ಓದುತ್ತ ಹೋದ,
ಖಾಲಿ ಸಾಲು ಬಂದಲ್ಲಿ ದಾಟಿಬಿಡದೆ
ಒಂದು ಉಸಿರಿನಷ್ಟು ಕಾದು.
ನಾನು ಚೀಟಿಯಲ್ಲಿ ಬರೆದುಕೊಂಡೆ:
ಕನಿಷ್ಠ ಒಂದು.
ಯಾವುದು ಎಂದು ಬರೆಯಲು ಪೆನ್ನು ಎತ್ತಿದಾಗ
ನೂರೆಂಬತ್ತನೆಯ ಸಾಲಿನ ಹತ್ತಿರ ಎಲ್ಲೋ ಇದ್ದ.
ಅವನ ಬೆನ್ನ ಹಿಂದೆ, ಫೋನಿನೊಳಗೆ,
ಬಾಗಿಲು ದಢಾರನೆ ಬಡಿಯಿತು.